ತಂತಿಗೆ ಕಿವಿಗೊಟ್ಟು ಕಲಿತ ಭಾಷೆ

ವಿಂಡೋಸ್ ಗಣಕದಿಂದ ಲಿನಕ್ಸ್ ಸರ್ವರಿನ ಪ್ರಿಂಟರಿಗೆ ಪುಟ ಕಳುಹಿಸಿದ್ದೀರಿ, ಕಾಗದ ಹೊರಬರಲಿಲ್ಲ. ದೋಷ ಹುಡುಕುವುದು ಹೇಗೆ? ಈ ವ್ಯವಸ್ಥೆ ಹುಟ್ಟಿದ ಬಗೆಯಲ್ಲೇ ಉತ್ತರವಿದೆ.

1991ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾದ ಸಂಶೋಧನಾ ವಿದ್ಯಾರ್ಥಿ ಆಂಡ್ರ್ಯೂ ಟ್ರಿಡ್ಜೆಲ್ ಅವರಿಗೆ ಡಾಸ್ ಗಣಕದಿಂದ ಯೂನಿಕ್ಸ್ ಗಣಕದ ಕಡತಗಳನ್ನು ತೆರೆಯಬೇಕಿತ್ತು. ಸಂವಹನದ ನಿಯಮಗಳು ಅವರಿಗೆ ತಿಳಿದಿರಲಿಲ್ಲ. ಜಾಲದಲ್ಲಿ ಹರಿಯುವ ದತ್ತಾಂಶವನ್ನು ಹಿಡಿದು ತೋರಿಸುವ ತಂತ್ರಾಂಶ ಬರೆದರು. ಯಾವ ಕೋರಿಕೆಗೆ ಯಾವ ಉತ್ತರವೆಂದು ಗಮನಿಸಿ, ಊಹಿಸಿ, ಪರೀಕ್ಷಿಸಿದರು. ಆ ಭಾಷೆಯೇ ಎಸ್‌ಎಂಬಿ. ಈ ಮೂರು ಅಕ್ಷರಗಳಿರುವ ಪದಗಳನ್ನು ಗಣಕದ ಪದಪಟ್ಟಿಯಲ್ಲಿ ಹುಡುಕಿದಾಗ ದೊರೆತ ಹೆಸರು ‘ಸಾಂಬಾ’. ಮೈಕ್ರೋಸಾಫ್ಟಿನ ಅಧಿಕೃತ ವಿವರಗಳನ್ನು ಪಡೆಯುವ ಒಪ್ಪಂದವಾದದ್ದು ಐರೋಪ್ಯ ನ್ಯಾಯಾಲಯದ ತೀರ್ಪಿನ ಬಳಿಕ, 2007ರ ಡಿಸೆಂಬರಿನಲ್ಲಿ. ಅಲ್ಲಿಯವರೆಗೆ 16 ವರ್ಷ ವೀಕ್ಷಣೆಯೇ ಮುಖ್ಯ ಆಧಾರವಾಗಿತ್ತು.

ನೀವೂ ಹಾಗೆಯೇ ಮಾಡಿ. ಸಾಂಬಾ ನಿಮ್ಮ ಕಡತವನ್ನು ಸ್ವೀಕರಿಸುತ್ತದೆ. ‘ಕಪ್ಸ್’ ಅದನ್ನು ಸರದಿಯಲ್ಲಿಟ್ಟು ಪ್ರಿಂಟರಿಗೆ ಒಪ್ಪಿಸುತ್ತದೆ. ಮೊದಲು ಸರ್ವರಿನ ಸರದಿಯನ್ನು ನೋಡಿ. ಕಡತ ಅಲ್ಲಿದ್ದರೆ ಡ್ರೈವರ್, ಕಪ್ಸ್, ಪ್ರಿಂಟರುಗಳನ್ನು ಪರೀಕ್ಷಿಸಿ. ತಲುಪಿಯೇ ಇಲ್ಲವಾದರೆ ಜಾಲವನ್ನೂ ಬಳಕೆದಾರರ ಅನುಮತಿಯನ್ನೂ ನೋಡಿ. ವಿದ್ಯುನ್ಮಂಡಲದಲ್ಲಿ ತಂತಿ ಎಲ್ಲಿ ತುಂಡಾಗಿದೆಯೆಂದು ಪ್ರಯೋಗಾಲಯದಲ್ಲಿ ಹುಡುಕುವುದೂ ಹೀಗೆಯೇ ಅಲ್ಲವೇ? ಒಂದು ಬಾರಿಗೆ ಒಂದನ್ನೇ ಬದಲಿಸಿ, ಫಲಿತಾಂಶವನ್ನು ಬರೆದಿಟ್ಟುಕೊಳ್ಳಿ.