ಉಸಿರಿನ ತಿರುಪು

ಚಿಂತಾಮಣಿ, ಶಿಡ್ಲಘಟ್ಟದ ಕಡೆ ನಮ್ಮ ಕಾಲದ ಹುಡುಗರು ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ತೆರೆದ ಬಾವಿಯಲ್ಲಿ ಈಜು ಕಲಿತವರು. ಬಾವಿಗಳು ಬತ್ತಿದವು, ಕೊಳವೆಬಾವಿಗಳು ಸಾವಿರ ಅಡಿ ದಾಟಿದವು. ಈಗಿನವರು ಮುಳುಗಲು ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ದೋಣಿ ಹತ್ತುತ್ತಾರೆ. ಬಂದು ಮೀನಿನ ಬಣ್ಣ ಹೇಳುತ್ತಾರೆ, 'ಗಾಳಿ ಬೆಣ್ಣೆ ಥರ ಬಂತು' ಅನ್ನುತ್ತಾರೆ. ಆ ಬೆಣ್ಣೆ ಕಡೆದವನ, ಎಂದರೆ ಉಸಿರಿನ ಕವಾಟ (ರೆಗ್ಯುಲೇಟರ್) ತಿದ್ದುವವನ, ಮಾತು ಯಾರೂ ಎತ್ತುವುದಿಲ್ಲ.

ಈ ಕವಾಟದ ಹಳೆಯ ಕಥೆ ಚಿಕ್ಕದು. 1860ರ ದಶಕದಲ್ಲಿ ಫ್ರಾನ್ಸಿನ ಗಣಿ ಎಂಜಿನಿಯರ್ ರೂಕೇರೋಲ್ ಮತ್ತು ನೌಕಾಧಿಕಾರಿ ದನೇರೂಜ್, ಉಸಿರು ಎಳೆದಾಗಷ್ಟೇ ಗಾಳಿ ಬಿಡುವ ಕವಾಟ ಕಟ್ಟಿದರು. 1943ರಲ್ಲಿ ಎಮಿಲ್ ಗ್ಯಾನ್ಯಾನ್, ಯುದ್ಧಕಾಲದ ಕಾರುಗಳಿಗೆ ಅನಿಲ ಹಾಯಿಸುತ್ತಿದ್ದ ಕವಾಟವನ್ನು ಮುಳುಗುಗಾರ ಕೂಸ್ತೋಗಾಗಿ ಮಾರ್ಪಡಿಸಿದ. ಕೆಲಸ ಗ್ಯಾನ್ಯಾನನದು, ಹೆಸರು ಕೂಸ್ತೋನದು. 1952ರಲ್ಲಿ ಮೆಲ್ಬರ್ನಿನ ಟೆಡ್ ಎಲ್ಡ್ರೆಡ್ ಒಂಟಿ ಕೊಳವೆಯ 'ಪಾರ್ಪಾಯ್ಸ್' ತಂದು, ಬೆನ್ನ ಮೇಲಿದ್ದ ಎರಡನೆಯ ಕವಾಟವನ್ನು ಬಾಯಿಯ ಬಳಿಗೆ ಸರಿಸಿದ. ನಮ್ಮಂಥವರ ಕಸುಬು ಶುರುವಾದದ್ದು ಅಲ್ಲಿಂದ.

ಮೇಜಿನ ಮೇಲಿನ ಕೆಲಸಕ್ಕೊಂದು ಕ್ರಮವಿದೆ. ಸಿಲಿಂಡರಿನ 200 ಬಾರ್ ಒತ್ತಡವನ್ನು, ಸಿಲಿಂಡರಿನ ಮೇಲೆ ಕೂರುವ ಮೊದಲ ಹಂತದ ಕವಾಟ ಸುತ್ತಲಿನ ಒತ್ತಡಕ್ಕಿಂತ 9–10 ಬಾರ್ ಹೆಚ್ಚಿರುವ ಮಟ್ಟಕ್ಕೆ ಇಳಿಸುತ್ತದೆ. ಮಾಪಕದ ಮುಳ್ಳು ಅಲ್ಲಿ ನಿಲ್ಲದೆ ತೆವಳುತ್ತ ಏರಿದರೆ ಸಾಮಾನ್ಯವಾಗಿ ಕವಾಟದ ಸೀಟು ಸವೆದಿರುತ್ತದೆ, ಮುಂದಿನದನ್ನು ಮುಟ್ಟಲೇಬೇಡಿ. ಆಮೇಲೆ ಬಾಯಿಯ ಬಳಿಯ ಎರಡನೆಯ ಹಂತದ ಲಿವರಿನ ಎತ್ತರ, ಕೊನೆಗೆ ಸ್ಪ್ರಿಂಗಿನ ಬಿಗಿ. ನಮ್ಮ ಪೀಳಿಗೆಯ ಪರೀಕ್ಷೆ ಬಕೆಟ್ಟಿನದು: ಎರಡನೆಯ ಹಂತವನ್ನು ಬಾಯಿ ಮೇಲಾಗಿಸಿ ನೀರಿಗೆ ಮೆಲ್ಲಗೆ ಇಳಿಸಿ, ಅದರ ಡಯಾಫ್ರಾಮ್ (ಪೊರೆ) ಎಷ್ಟು ಆಳದಲ್ಲಿದ್ದಾಗ ಬುಸ್ಸೆನ್ನುತ್ತದೋ ಅಷ್ಟು ಅದರ ಬಿಗಿ. ಮೂರು ಸೆಂಟಿಮೀಟರ್ ಆಸುಪಾಸು ಬಂದರೆ ನನಗೆ ನಿದ್ದೆ ಬರುತ್ತದೆ. ಗಾಳಿಯ ಒತ್ತಡವನ್ನೇ ಸ್ಪ್ರಿಂಗಿನ ನೆರವಿಗೆ ನಿಲ್ಲಿಸುವ 'ಬ್ಯಾಲೆನ್ಸ್ಡ್' ಕವಾಟ ಬಂದ ಮೇಲೆ ಇನ್ನೂ ನಯವಾಯಿತು. ಅದಕ್ಕಿಂತ ಚೆಂದದ ಯೋಚನೆ ಈ ಕಸುಬಿನಲ್ಲಿ ಮತ್ತೊಂದಿಲ್ಲ.

ಈಗಿನ ಹುಚ್ಚು ಬೇರೆ: ಸ್ಪ್ರಿಂಗ್ ಎಷ್ಟು ಸಡಿಲವೋ ಅಷ್ಟು ಒಳ್ಳೆಯದಂತೆ. ಆದರೆ ಕವಾಟ ತೆರೆಯುವ ಶ್ರಮ ಉಸಿರಿನ ಮೊದಲ ಕ್ಷಣದ್ದು ಮಾತ್ರ. ಯುರೋಪಿನ ಇಎನ್ 250 ಮಾನದಂಡ 50 ಮೀಟರ್ ಆಳದಲ್ಲಿ, ನಿಮಿಷಕ್ಕೆ 62.5 ಲೀಟರ್ ಉಸಿರಾಟದಲ್ಲಿ, ಉಸಿರಾಟದ ಒಟ್ಟು ಶ್ರಮ ಲೀಟರಿಗೆ 3 ಜೌಲ್ ಮೀರಬಾರದು ಎನ್ನುತ್ತದೆ. ಅದರಲ್ಲಿ ಎಳೆಯುವ ಶ್ರಮವೂ ಬಿಡುವ ಶ್ರಮವೂ ಸೇರಿದೆ. 30 ಮೀಟರಿನಲ್ಲಿ ಗಾಳಿ ನಾಲ್ಕು ಪಟ್ಟು ದಟ್ಟ; ಅಲ್ಲಿ ಹೊರಬಿಡುವ ಕವಾಟ ಬಿರುಸಾಗಿದ್ದರೆ ಸ್ಪ್ರಿಂಗ್ ಸಡಿಲಿಸಿ ಏನು ಬಂತು? ಅತಿಯಾಗಿ ಸಡಿಲಿಸಿದ್ದು ಬಾಯಿಂದ ಜಾರಿ ಮೇಲ್ಮುಖವಾದರೆ ತಾನೇ ಹರಿದು ಸಿಲಿಂಡರ್ ಬರಿದು ಮಾಡುತ್ತದೆ. ಅಂಥದ್ದೊಂದು 'ಟ್ಯೂನ್' ಆದ ಸರಕು ನನ್ನ ಕೈಗೂ ಬಂದಿತ್ತು. ಮಾಡಿದವರ ಹೆಸರು ಬೇಡ.

ನಾನು ಕಲಿತದ್ದೆಲ್ಲ ಇಂಗ್ಲಿಷ್ ಕೈಪಿಡಿಗಳಿಂದ. ಕನ್ನಡದ್ದು ಒಂದೂ ಕಣ್ಣಿಗೆ ಬಿದ್ದಿಲ್ಲ. ಮಳೆಗಾಲದಲ್ಲಿ ನೇತ್ರಾಣಿಯ ದೋಣಿಗಳು ನಿಲ್ಲುತ್ತವೆ. ಉಪ್ಪು ಕೂತ ಕವಾಟಗಳನ್ನು ಬಿಚ್ಚಿ ಕಲಿಸಲು ಅಷ್ಟು ಬಿಡುವು ಸಾಕು. ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚುವವರಿಗೆ, ಎಳೆ ಬಿಗಿಯಾದರೆ ಕಡಿಯುತ್ತದೆ, ಸಡಿಲಾದರೆ ಸಿಕ್ಕಾಗುತ್ತದೆ ಎಂಬುದು ಬೆರಳಿಗೇ ಗೊತ್ತು. ಆ ಬೆರಳಿಗೆ ಯಾರೂ ಇನ್ನೂ ತಿರುಪುಳಿ ಕೊಟ್ಟಿಲ್ಲ.