ದಂಡವೆಂಬ ಮಾತು

ದಂಡವೆಂದರೆ ಮೊದಲಿಗೆ ಕೋಲು. ಉಪನಯನದಲ್ಲಿ ವಟುವಿನ ಕೈಗೆ ಕೊಡುವ ಮುತ್ತುಗದ ಕೋಲು ದಂಡ. ಯತಿಯ ಹೆಗಲಿಗೊರಗಿದ ಬಿದಿರು ದಂಡ. ಆ ಕೋಲಿನಂತೆಯೇ ನೆಲಕ್ಕೆ ಉದ್ದುದ್ದ ಬೀಳುವ ಭಕ್ತನ ನಮಸ್ಕಾರಕ್ಕೂ ಅದೇ ಹೆಸರು. ಅರಸನ ಕೈಸೇರಿ ಅದು ಶಿಕ್ಷೆಯಾಯಿತು, ಸೇನೆಯಾಗಿ ದಂಡನಾಯಕರನ್ನು ಮೆರೆಸಿತು, ಬೆಂಗಳೂರಿನ ಒಂದು ಭಾಗಕ್ಕೆ ದಂಡು ಎಂಬ ಹೆಸರನ್ನು ಉಳಿಸಿತು, ಕಚೇರಿಯಲ್ಲಿ ಕಟ್ಟಬೇಕಾದ ಹಣವಾಯಿತು. ಕನ್ನಡಿಗರು ಇಷ್ಟಕ್ಕೇ ಬಿಡದೆ, ಫಲವಿಲ್ಲದೆ ಹೋದುದನ್ನೆಲ್ಲ ಆ ಮಾತಿನಿಂದಲೇ ಕರೆದರು: ಮಳೆ ಕೈಕೊಟ್ಟರೆ ಬಿತ್ತಿದ ಬೀಜವೆಲ್ಲ ದಂಡ.

ಘೋರವಾದ ಕೊಲೆಯೊಂದು ನಡೆದು ಬೀದಿಯಲ್ಲಿ ಗಲ್ಲಿನ ಕೂಗೆದ್ದಾಗ, ‘ದಂಡಂ ದಶಗುಣಂ’ ಎಂದು ತಲೆದೂಗುವವರು ಉಂಟು. ಆ ನುಡಿ ಬಂದಿರುವ ಶ್ಲೋಕವಾದರೋ ಊರುಗೋಲಿನ ಸ್ತುತಿ. ಹಕ್ಕಿ, ನಾಯಿ, ಹಗೆ, ಹಾವು, ದನಗಳನ್ನು ಅಟ್ಟುವುದಕ್ಕೂ, ಕೆಸರಿನಲ್ಲಿ, ನೀರಿನಲ್ಲಿ, ಕುರುಡಿನಲ್ಲಿ, ಕತ್ತಲೆಯಲ್ಲಿ, ಮುಪ್ಪಿನಲ್ಲಿ ಊರಿ ನಡೆಯುವುದಕ್ಕೂ ಕೋಲು ಒದಗುವುದೆಂದು ಅದು ಹತ್ತು ಗುಣಗಳನ್ನು ಎಣಿಸುತ್ತದೆ. ಐದು ಬೆದರಿಸುವುವು, ಐದು ಆಧರಿಸುವುವು. ಕೊಲ್ಲುವ ಮಾತು ಅದರಲ್ಲಿಲ್ಲ.

ಕೊಲ್ಲುವ ದಂಡವನ್ನು ಕುರಿತು ನಮ್ಮ ಹಿರಿಯರು ಆಲೋಚಿಸದೆ ಇರಲಿಲ್ಲ. ಮಹಾಭಾರತದ ಶಾಂತಿಪರ್ವದಲ್ಲಿ ವಧೆಗೆಂದು ಕರೆತಂದವರನ್ನು ಕಂಡು ದ್ಯುಮತ್ಸೇನನಿಗೂ ಅವನ ಮಗ ಸತ್ಯವಂತನಿಗೂ ವಾದ ನಡೆಯುತ್ತದೆ. ಸಾವಿತ್ರಿಯ ಕಥೆಯಿಂದ ನಾವು ಬಲ್ಲ ಹೆಸರುಗಳೇ ಇವು. ಹಿಂದೆ ಧಿಕ್ಕಾರವೇ ದಂಡವಾಗಿತ್ತು, ಅನಂತರ ಬಿರುನುಡಿ, ಆಮೇಲೆ ಧನಹರಣ, ಈಗ ವಧೆ ಎಂದು ತಂದೆ ಕಾಲದ ಇಳಿತವನ್ನು ವಿವರಿಸಿದರೆ, ಕಳ್ಳನನ್ನು ಕೊಂದ ಅರಸ ಅವನ ಹೆಂಡತಿಯನ್ನೂ ತಾಯಿತಂದೆಯರನ್ನೂ ಮಕ್ಕಳನ್ನೂ ಕೊಂದಂತೆಯೇ, ದುಷ್ಟನೂ ಒಮ್ಮೆ ಸಾಧುಗಳಿಂದ ಶೀಲವನ್ನು ಪಡೆದಾನು ಎಂದು ಮಗ ಉತ್ತರಿಸುತ್ತಾನೆ. ಆ ಉತ್ತರವನ್ನು ಮೀರಿಸಿದ ಪ್ರತ್ಯುತ್ತರವನ್ನು ನಾನು ಇಂದಿನವರೆಗೂ ಕಂಡಿಲ್ಲ. ಕೊಲೆಯಾದವರ ಮನೆಯ ಸಂಕಟ ನಿಜ, ಅದರ ಮುಂದೆ ಯಾವ ಸಿದ್ಧಾಂತವೂ ತಲೆತಗ್ಗಿಸಬೇಕು. ಆದರೆ ಆ ಸಂಕಟವನ್ನು ಮತ್ತೊಂದು ಮನೆಗೂ ಹಂಚುವುದರಿಂದ ಅದು ಎಳ್ಳಷ್ಟೂ ಕಡಮೆಯಾಗುವುದಿಲ್ಲ.

2024ರ ಜುಲೈ 1ರಂದು ಭಾರತೀಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿತು. ಶೀರ್ಷಿಕೆಯಿಂದ ದಂಡವೆಂಬ ಮಾತು ಅಳಿಯಿತು. ಮರಣದಂಡನೆ ಮಾತ್ರ ಅಳಿಯಲಿಲ್ಲ, ಗುಂಪುಹತ್ಯೆಯೇ ಮೊದಲಾದ ಹೊಸ ಅಪರಾಧಗಳಿಗೂ ಚಾಚಿಕೊಂಡಿತು. ಗಲ್ಲಿನ ದಿನ ಸಮೀಪಿಸಿದಾಗ ಸೆರೆಮನೆಯಲ್ಲಿ ಕೈದಿಯನ್ನು ತೂಗುತ್ತಾರೆ. ಆ ತೂಕದ ಮೇಲೆ ಅವನು ಎಷ್ಟು ಆಳಕ್ಕೆ ಬೀಳಬೇಕೆಂಬುದನ್ನು ಲೆಕ್ಕ ಹಾಕುತ್ತಾರೆ. ಬಿಹಾರದ ಬಕ್ಸರ್ ಸೆರೆಮನೆಯಲ್ಲಿ ಹೊಸೆದ ಹಗ್ಗಕ್ಕೆ ಮರಳಿನ ಮೂಟೆಯನ್ನು ಬಿಗಿದು ಬೀಳಿಸಿ ಪರೀಕ್ಷಿಸುತ್ತಾರೆ. ಕೋಪದಲ್ಲಿ ಕೊಂದವನಿಗೆ ಇಲ್ಲದಿದ್ದ ಈ ವ್ಯವಧಾನ, ಈ ಎಚ್ಚರಿಕೆ, ನಮ್ಮೆಲ್ಲರ ಹೆಸರಿನಲ್ಲಿ ಕೊಲ್ಲುವ ಪ್ರಭುತ್ವಕ್ಕಿದೆ.

ಇಷ್ಟೊಂದು ಎಚ್ಚರಿಕೆ ತೀರ್ಪಿನಲ್ಲಿಯೂ ಇತ್ತೆ? 1980ರಲ್ಲಿ ಬಚನ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು, ಅಪರೂಪದಲ್ಲಿ ಅಪರೂಪವಾದ ಪ್ರಕರಣಕ್ಕೆ ಮಾತ್ರ ಮರಣದಂಡನೆ ಸಲ್ಲುವುದೆಂದೂ, ಅಪರಾಧವನ್ನಷ್ಟೇ ಅಲ್ಲದೆ ಅಪರಾಧಿಯ ಪರಿಸ್ಥಿತಿಯನ್ನೂ ತೂಗಬೇಕೆಂದೂ ವಿಧಿಸಿತು. ಅನಂತರದ ಕೆಲವು ತೀರ್ಪುಗಳು ಆ ಎರಡನೆಯ ತೂಕವನ್ನೇ ಕೈಬಿಟ್ಟಿದ್ದುವೆಂದು 2009ರಲ್ಲಿ ನ್ಯಾಯಾಲಯವೇ ಹೇಳಬೇಕಾಯಿತು. 2012ರಲ್ಲಿ 14 ಮಂದಿ ನಿವೃತ್ತ ನ್ಯಾಯಾಧೀಶರು ರಾಷ್ಟ್ರಪತಿಗಳಿಗೆ ಪತ್ರ ಬರೆದು, 15 ಮಂದಿಗೆ ಹೀಗೆ ತಪ್ಪಾಗಿ ಮರಣದಂಡನೆ ವಿಧಿಸಲಾಗಿದೆಯೆಂದು ತಿಳಿಸಿದರು. ಅವರಲ್ಲಿ ಇಬ್ಬರನ್ನು ರಾಜಸ್ಥಾನದಲ್ಲಿ 1996, 1997ರಲ್ಲಿಯೇ ಗಲ್ಲಿಗೇರಿಸಿಯಾಗಿತ್ತು.

ಹಣದ ದಂಡವಾಗಿದ್ದರೆ ಹಿಂದಕ್ಕೆ ಕೊಡಬಹುದಾಗಿತ್ತು, ಸೆರೆಯಾಗಿದ್ದರೆ ಬಾಗಿಲು ತೆರೆಯಬಹುದಾಗಿತ್ತು. 1949ರ ಜೂನ್ ತಿಂಗಳಲ್ಲಿ ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರರು ಮರಣದಂಡನೆಯನ್ನೇ ರದ್ದುಗೊಳಿಸುವುದು ಮೇಲೆಂದು ನುಡಿದಿದ್ದರು. ಸಂಸತ್ತು ಇನ್ನಾದರೂ ಆ ಮಾತನ್ನು ನಡೆಸಿಕೊಡಲಿ. ನಮ್ಮ ಬೆಳಗಾವಿಯ ಹಿಂಡಲಗಾ ಸೆರೆಮನೆಯಲ್ಲಿರುವ ಗಲ್ಲುಗಂಬವನ್ನೂ ಕಿತ್ತುಹಾಕಿಸಲಿ.