ಸ್ತನಭಾರ ಪರಿಹಾರ: ಒಂದು ಶಸ್ತ್ರಚಿಕಿತ್ಸೆಯ ಚರಿತ್ರೆ

ಕೆಲವು ಸ್ತ್ರೀಯರಿಗೆ ಸ್ತನಗಳ ಅತಿಯಾದ ಭಾರವೇ ಒಂದು ವ್ಯಾಧಿಯಾಗಿ ಪರಿಣಮಿಸುವುದುಂಟು. ಕುತ್ತಿಗೆ, ಹೆಗಲು, ಬೆನ್ನುಗಳಲ್ಲಿ ಬಿಡದ ನೋವು. ಒಳಉಡುಪಿನ ಪಟ್ಟಿಗಳು ಹೆಗಲನ್ನು ಒತ್ತಿ ಮಾಡಿದ ತಗ್ಗು. ಸ್ತನದಡಿಯ ಮಡಿಕೆಯಲ್ಲಿ ಬೆವರಿನಿಂದ ಏಳುವ ಹುಣ್ಣು. ಇವನ್ನೆಲ್ಲ ಲಜ್ಜೆಯಿಂದ ಹೆತ್ತ ತಾಯಿಗೂ ಹೇಳದೆ ಸಹಿಸಿಕೊಂಡಿರುವವರುಂಟು. ಇದರ ಚಿಕಿತ್ಸೆಯನ್ನು ಕೇವಲ ಸೌಂದರ್ಯದ ಚಪಲವೆಂದು ತಳ್ಳಿಹಾಕುವವರು ಅದು ನಡೆದುಬಂದ ದಾರಿಯನ್ನು ಒಮ್ಮೆ ನೋಡುವುದು ಉಚಿತ.

7ನೆಯ ಶತಮಾನದ ಗ್ರೀಕ್ ವೈದ್ಯನಾದ ಈಜೀನಾದ ಪೌಲನು ಸ್ತನವನ್ನು ಕುಗ್ಗಿಸುವ ಶಸ್ತ್ರಕ್ರಮವೊಂದನ್ನು ಬರೆದಿಟ್ಟಿದ್ದಾನೆ. ಆದರೆ ಅದು ಎದೆ ಬೆಳೆದ ಪುರುಷರಿಗಾಗಿ! ಸ್ತ್ರೀಯರ ವಿಷಯವು ಇದಕ್ಕಿಂತ ಕಠಿನವಾದುದು. ಹೆಚ್ಚಿನ ಮಾಂಸವನ್ನು ತೆಗೆದರಷ್ಟೇ ಸಾಲದು. ಮೊಲೆತೊಟ್ಟನ್ನು ಮೇಲಣ ಹೊಸ ಸ್ಥಾನಕ್ಕೆ ಒಯ್ಯಬೇಕು. ಅಲ್ಲಿ ರಕ್ತಸಂಚಾರವು ತಪ್ಪಿದರೆ ತೊಟ್ಟು ಸಾಯುವುದು. ಈ ಶಸ್ತ್ರದ ಚರಿತ್ರೆಯೆಲ್ಲವೂ ಬಹುಮಟ್ಟಿಗೆ ಈ ಒಂದು ತೊಡಕಿನ ಸುತ್ತಲೇ ಹೆಣೆದುಕೊಂಡಿದೆ.

1922ರಲ್ಲಿ ಷಿಕಾಗೋ ನಗರದ ಮ್ಯಾಕ್ಸ್ ಥೋರೆಕ್ ಎಂಬ ವೈದ್ಯನು ತೊಟ್ಟನ್ನು ಪೂರ್ಣವಾಗಿ ಬಿಡಿಸಿ, ಗಿಡಕ್ಕೆ ಕಸಿ ಕಟ್ಟುವಂತೆ ಹೊಸ ಜಾಗದಲ್ಲಿ ನೆಟ್ಟನು. ತೊಟ್ಟೇನೋ ಉಳಿಯಿತು; ಅದರ ಸಹಜ ಸ್ಪರ್ಶಜ್ಞಾನವೂ ಹಾಲೂಡುವ ಶಕ್ತಿಯೂ ಉಳಿಯಲಿಲ್ಲ. 1930ರಲ್ಲಿ ಷ್ವಾರ್ಟ್ಸ್‌ಮನ್ ಎಂಬವನು ತೊಟ್ಟಿನ ಸುತ್ತಣ ಹೊರಪದರವನ್ನು ಮಾತ್ರ ಸುಲಿದು, ಒಳಚರ್ಮವನ್ನು ಕಾಪಾಡಿದರೆ ಅದರ ಮೂಲಕ ರಕ್ತವು ಹರಿಯುವುದೆಂದು ತೋರಿಸಿದನು. ಬುಡವನ್ನು ಕಡಿಯದೆ ಅಂಗವನ್ನು ಸರಿಸುವ ಈ ನ್ಯಾಯವು ನಮ್ಮ ನಾಡಿಗೆ ಹಳೆಯದೇ. ಟೀಪೂ ಸುಲ್ತಾನನ ಸೆರೆಯಲ್ಲಿ ಮೂಗನ್ನು ಕಳೆದುಕೊಂಡ ಕಾವಸ್‌ಜೀ ಎಂಬ ಬಂಡಿಯಾಳಿಗೆ ಹಣೆಯ ಚರ್ಮವನ್ನು ಬುಡಸಹಿತ ತಿರುಗಿಸಿ ಮೂಗು ಕಟ್ಟಿದ ವೃತ್ತಾಂತವನ್ನು ಲಂಡನ್ನಿನ ಪತ್ರಿಕೆಯೊಂದು 1794ರಲ್ಲಿಯೇ ಅಚ್ಚುಮಾಡಿ, ಯೂರೋಪಿನ ವೈದ್ಯರ ಕಣ್ತೆರೆಯಿಸಿತು.

ಮುಂದೆ 1956ರಲ್ಲಿ ಅಮೆರಿಕದ ರಾಬರ್ಟ್ ವೈಸ್ ಎಂಬವನು ಒಳಉಡುಪನ್ನು ಕತ್ತರಿಸುವ ಮಾದರಿಯನ್ನೇ ನೋಡಿ, ಚರ್ಮದ ಮೇಲೆ ಗೆರೆಯೆಳೆಯುವ ಕ್ರಮವನ್ನು ನಿಶ್ಚಯಿಸಿದನು. 1960ರಲ್ಲಿ ಸ್ವೀಡನ್ನಿನ ಸ್ಟ್ರಾಂಬೆಕ್, 1972ರಲ್ಲಿ ಮೆಕಿಸಾಕ್ ಇವರು ರಕ್ತವಾಹಕವಾದ ಬುಡವನ್ನು ಉಳಿಸುವ ಬೇರೆ ಬೇರೆ ವಿಧಾನಗಳನ್ನು ಪ್ರಕಟಿಸಿದರು.

ಈ ಚರಿತ್ರೆಯಿಂದ ರೋಗಿಯು ತಿಳಿಯತಕ್ಕದ್ದೇನು? ಬಹುಮಂದಿಗೆ ನೋವು ತಗ್ಗುವುದು ನಿಜ. ಆದರೆ ಬೆಲೆಯಿಲ್ಲದೆ ಅಲ್ಲ. ತೊಟ್ಟಿನ ಸುತ್ತಲೂ, ಕೆಳಮುಖವಾಗಿಯೂ, ಅನೇಕ ವೇಳೆ ಅಡಿಯ ಮಡಿಕೆಯುದ್ದಕ್ಕೂ ಕಲೆಗಳು ನಿಲ್ಲುವುವು. ಕಾಲಕ್ರಮದಲ್ಲಿ ಅವು ಮಾಸಬಹುದು, ಅಳಿಯವು. ಸ್ಪರ್ಶಜ್ಞಾನವು ಕುಂದಬಹುದು. ಮುಂದೆ ಮಗುವಿಗೆ ಸಾಕಷ್ಟು ಹಾಲು ಬಾರದೆ ಹೋಗಬಹುದು. ಆದುದರಿಂದ ಮಕ್ಕಳನ್ನು ಬಯಸುವವರು ಇದನ್ನು ಮೊದಲೇ ವೈದ್ಯರೊಡನೆ ಬಿಚ್ಚಿ ಮಾತನಾಡಬೇಕು. ಧೂಮಪಾನವು ರಕ್ತನಾಳಗಳನ್ನು ಸಂಕೋಚಗೊಳಿಸಿ ಗಾಯವನ್ನು ಕೆಡಿಸುವುದರಿಂದ ಅದನ್ನು ವಾರಗಳ ಮುಂಚೆಯೇ ಬಿಡತಕ್ಕದ್ದು. ಗರ್ಭಧಾರಣೆಯಿಂದಲೂ ಮೈತೂಕದ ಏರಿಳಿತದಿಂದಲೂ ಆಕಾರವು ಮತ್ತೆ ಬದಲಾಗಬಹುದು. ಮುಂದೆ ಸ್ತನದ ಕ್ಷಕಿರಣಪರೀಕ್ಷೆ ನಡೆದಾಗ ಹಿಂದಿನ ಶಸ್ತ್ರದ ಸಂಗತಿಯನ್ನು ಮರೆಯದೆ ತಿಳಿಸಬೇಕು.

ಇವನ್ನೆಲ್ಲ ತೂಗಿನೋಡಿ ನಿಶ್ಚಯಿಸುವವಳು ಆ ಭಾರವನ್ನು ಹೊತ್ತವಳೇ ಆಗಬೇಕು. ಮನೆಯವರ ಪಾಲಿಗೆ ಉಳಿದ ಕರ್ತವ್ಯವೊಂದೇ: ನಗದೆ, ಬೆದರಿಸದೆ, ಅವಳ ಮಾತನ್ನು ಪೂರ್ತಿಯಾಗಿ ಕೇಳುವುದು.